ಹುಚ್ಚೇಶನ ಇಪ್ಪತ್ತೊಂದನೆಯ ದಿನ

ಹುಚ್ಚೇಶ ಶಿಸ್ತಿನ ಮನುಷ್ಯನಾಗಲು ಹೊರಟದ್ದು, ಮುಂದೆ ಜೀವನವಿಡೀ ಹೊತ್ತೇರುವವರೆಗೆ ಮಲಗಬೇಕೆಂಬ ಆಸೆಯಿಂದ. ಕೇಳಿದವರಿಗೆ ನಗು ಬರಬಹುದು, ಆದರೆ ಸಂಗತಿ ಇದ್ದದ್ದೇ ಹಾಗೆ.

ವಿದ್ಯಾಗಿರಿಯ ಹಾಸ್ಟೆಲಿನಲ್ಲಿದ್ದು ಓದುವ ಮಗಳು ಶ್ರುತಿ, ರಜೆಗೆ ಇಳಕಲ್ಲಿಗೆ ಬಂದಾಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಎಂಥ ಅಭ್ಯಾಸವೂ ಮೈಗೆ ಹತ್ತುತ್ತದೆ, ಮನುಷ್ಯ ಹೊಸಬನಾಗುತ್ತಾನೆ ಎಂದು ಅದರಲ್ಲಿ ಕೋಟು ಹಾಕಿದವನೊಬ್ಬ ಹೇಳುತ್ತಿದ್ದ. ಹುಚ್ಚೇಶನ ಹೆಂಡತಿ ಶೇಖವ್ವ ಅದನ್ನು ಎರಡು ಸಲ ನೋಡಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಗಂಡನನ್ನು ಎಬ್ಬಿಸುವುದೇ ಅವಳ ಬೆಳಗಿನ ದೊಡ್ಡ ಕೆಲಸ. ಕೂಗಿ, ಚಾದರ ಎಳೆದು, ಕೊನೆಗೆ ನೀರು ಚಿಮುಕಿಸಿದರೂ ಎಂಟರೊಳಗೆ ಅವನು ಮಗ್ಗದ ಕುಣಿಗೆ, ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿಗೆ, ಕಾಲಿಟ್ಟದ್ದಿಲ್ಲ.

"ಇದು ನಿಮ್ಮ ಕೈಲೆ ಆಗೂದಲ್ಲ ಬಿಡ್ರಿ," ಎಂದಳು.

ಹುಚ್ಚೇಶನಿಗೆ ಅದು ನಾಟಿತು. ಅಲ್ಲಿಯೇ ಪಂಥ ಬಿತ್ತು. ಇಪ್ಪತ್ತೊಂದು ದಿನ ಐದಕ್ಕೆ ಏಳಬೇಕು, ಊರಾಚೆ ನಡೆದು ಬರಬೇಕು, ತಂಬಾಕು ಮುಟ್ಟಬಾರದು, ಏಳರಿಂದ ಹನ್ನೆರಡರವರೆಗೆ ಮಗ್ಗಕ್ಕೆ ಕೂತವನು ಮೇಲೇಳಬಾರದು. ಗೆದ್ದರೆ ಶೇಖವ್ವ ಅವನನ್ನು ಇನ್ನೆಂದೂ ಎಬ್ಬಿಸುವಂತಿಲ್ಲ. ಸೋತರೆ ಲಾಳಿಗೆ ನೂಲು ಸುತ್ತಿಕೊಡುವ ಅವಳ ಕೆಲಸವನ್ನು ಸಾಯುವತನಕ ಅವನೇ ಮಾಡಬೇಕು. ಸಾಕ್ಷಿಗೆ ಎದುರಿನ ಚಹಾದಂಗಡಿಯ ಮಲೀಕಸಾಬ ನಿಂತ, ಏಕೆಂದರೆ ಅವನ ಗೋಡೆಯ ಗಡಿಯಾರ ಸರಿಯಾಗಿ ನಡೆಯುತ್ತಿತ್ತು ಮತ್ತು ಅವನಿಗೆ ಇಡೀ ಓಣಿಯ ಉಸಾಬರಿ ಬೇಕಿತ್ತು.

ಮೊದಲ ವಾರ ಹುಚ್ಚೇಶ ನಡೆಯುತ್ತಲೇ ನಿದ್ದೆ ಮಾಡಿ ಕಂಬಕ್ಕೆ ಹಣೆ ಬಡಿಸಿಕೊಂಡ. ಎರಡನೆಯ ವಾರ ತಂಬಾಕಿಲ್ಲದೆ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದ. ಆದರೂ ಬಿಡಲಿಲ್ಲ. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಇಪ್ಪತ್ತು ಗೆರೆಗಳು ಬಿದ್ದವು. ಇನ್ನು ಒಂದೇ ಉಳಿದಿತ್ತು.

ಇಪ್ಪತ್ತೊಂದನೆಯ ದಿನ ಐದಕ್ಕೆ ಎದ್ದ, ನಡೆದು ಬಂದ, ಏಳಕ್ಕೆ ಸರಿಯಾಗಿ ಕುಣಿಯ ಅಂಚಿನ ಹಲಗೆಯ ಮೇಲೆ ಕೂತ. ಶೇಖವ್ವ ಸಂತೆಗೆ ಹೋದಳು. ಒಂಬತ್ತರವರೆಗೆ ಎಲ್ಲ ಚೆನ್ನಾಗಿತ್ತು. ಆಗ ಪಕ್ಕದ ಮನೆಯ ನಾಗಲಿಂಗ ಬಾಗಿಲಲ್ಲಿ ಬಂದು ನಿಂತ.

ಅವನ ಸೀರೆಯ ಒಡಲು ಮುಗಿದು ಸೆರಗು ಕೂಡಿಸುವ ಹೊತ್ತಾಗಿತ್ತು. ಇಳಕಲ್ ಸೀರೆಯ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ, ಮೂವರು ಬೇಕು. ಓಣಿಯಲ್ಲಿ ಉಳಿದದ್ದು ಮೂರೇ ಕೈಮಗ್ಗ, ನಾಗಲಿಂಗನದು, ದುರಗಪ್ಪನದು, ಹುಚ್ಚೇಶನದು. ಉಳಿದವರೆಲ್ಲ ಪವರ್‌ಲೂಮಿನವರು, ಅವರ ಬೆರಳಿಗೆ ಈ ಕೊಂಡಿ ಮರೆತೇ ಹೋಗಿತ್ತು. ಒಬ್ಬನ ಸೆರಗು ಕೂಡಿಸಲು ಉಳಿದಿಬ್ಬರು ಕೂಲಿ ಕೇಳದೆ ಹೋಗುವುದು ಅಜ್ಜಂದಿರ ಕಾಲದಿಂದ ನಡೆದು ಬಂದ ರೂಢಿ. ಒಮ್ಮೆ ಬರಲ್ಲ ಎಂದವನ ಮನೆಗೆ ಮತ್ತೆ ಯಾರೂ ಬರುವುದಿಲ್ಲ.

ಹನ್ನೆರಡಕ್ಕೆ ಬರುತ್ತೇನೆಂದು ಹುಚ್ಚೇಶ ಅಂಗಲಾಚಿದ. ಸೀರೆ ನಾಳೆ ಬಾದಾಮಿಯ ಬೀಗರ ಕೈ ಸೇರಬೇಕು, ಈಗ ಕೂಡಿಸಿದರಷ್ಟೇ ಸೆರಗು ಮುಗಿದೀತು ಎಂದು ನಾಗಲಿಂಗ ಪಟ್ಟು ಹಿಡಿದ. ಎದ್ದರೆ ಪಂಥ ಹೋಯಿತು, ಏಳದಿದ್ದರೆ ತನ್ನ ಮಗ್ಗದ ಮುಂದಿನ ಸೆರಗುಗಳೆಲ್ಲ ಹೋದವು. ಅಷ್ಟರಲ್ಲಿ ದುರಗಪ್ಪ ಬಂದು ಇಬ್ಬರ ಮಾತನ್ನೂ ಕೇಳಿ, ಗದ್ದ ಕೆರೆದುಕೊಂಡ.

"ನೀ ಏಳಬ್ಯಾಡಲೇ," ಎಂದ. "ನಾವಽ ಎತ್ತತೇವಿ."

ಪವರ್‌ಲೂಮಿನಿಂದ ಇಬ್ಬರು ಗಟ್ಟಿಗರು ಬಂದರು. ನಾಲ್ವರು ಸೇರಿ ಹಲಗೆಯನ್ನು ಹುಚ್ಚೇಶನ ಸಮೇತ ಎತ್ತಿ ಹೆಗಲ ಮೇಲಿಟ್ಟುಕೊಂಡರು. ಹೊಸ್ತಿಲು ದಾಟುವಾಗ ಅವನ ತಲೆ ಬಾಗಿಲ ಪಟ್ಟಿಗೆ ಬಡಿಯಿತು. ಓಣಿಗೆ ಬಂದರೆ ಒಂದು ಆಟೋ ಅಡ್ಡ ನಿಂತಿತ್ತು. ಕಟ್ಟೆಯ ಮೇಲಿದ್ದ ಬೋರವ್ವಜ್ಜಿ ಯಾವ ದೇವರ ಸವಾರಿಯೋ ಎಂದು ಕೈ ಮುಗಿದಳು. ದುರಗಪ್ಪನ ಚಪ್ಪಲಿ ಕಿತ್ತು ಹಲಗೆ ಒಂದು ಕಡೆ ವಾಲಿತು. ಹುಚ್ಚೇಶ ನಾಗಲಿಂಗನ ಕೂದಲನ್ನು ಎರಡೂ ಕೈಯಿಂದ ಹಿಡಿದುಕೊಂಡನೇ ಹೊರತು ನೆಲಕ್ಕೆ ಕಾಲು ಊರಲಿಲ್ಲ.

ಕಾಯಿಪಲ್ಲೆ ಚೀಲ ಹಿಡಿದು ಶೇಖವ್ವ ಓಣಿಯ ತಿರುವಿನಲ್ಲಿ ಪ್ರತ್ಯಕ್ಷಳಾದದ್ದು ಆಗಲೇ. ಗಂಡ ಆಕಾಶಮಾರ್ಗದಲ್ಲಿ ಬರುತ್ತಿರುವುದನ್ನು ನೋಡಿ ಚೀಲ ಕೆಳಗಿಟ್ಟಳು. ಮಗ್ಗ ಬಿಟ್ಟು ಬಂದಿದ್ದಾರೆ, ಪಂಥ ಮುಗಿಯಿತು ಎಂದು ವಾದ ಹೂಡಿದಳು. ಎದ್ದರೆ ತಾನೇ ಸೋಲು ಎಂದು ನಾಗಲಿಂಗ ಹಲಗೆಯ ಕೆಳಗಿನಿಂದಲೇ ಉತ್ತರಿಸಿದ. ಓಣಿ ಎರಡು ಪಕ್ಷವಾಯಿತು. ಭಾರ ಹೊತ್ತವರ ಕಾಲು ನಡುಗುತ್ತಿದ್ದುದರಿಂದ ತೀರ್ಪು ಬೇಗ ಬೇಕಿತ್ತು. ಎಲ್ಲರೂ ಮಲೀಕಸಾಬನ ಕಡೆ ನೋಡಿದರು. ಅವನು ಅಂಗಡಿಯಿಂದ ಇಳಿದು ಹಲಗೆಯ ಸುತ್ತ ಒಂದು ಸುತ್ತು ಬಂದ.

"ಕುಂತಾನಬೇ ಶೇಖವ್ವ," ಎಂದ. "ಒಂದು ಮಗ್ಗದಿಂದ ಇನ್ನೊಂದು ಮಗ್ಗಕ್ಕ ಹೊಂಟಾನ. ಮ್ಯಾಲೆ ಎದ್ದಿಲ್ಲ."

ಹುಚ್ಚೇಶ ನಾಗಲಿಂಗನ ಮನೆಯಲ್ಲಿ ಕೂತೇ ಕೊಂಡಿ ಹಾಕಿದ. ಅವನ ಬೆರಳು ಅಷ್ಟು ಚುರುಕಾಗಿ ಹಿಂದೆಂದೂ ಓಡಿರಲಿಲ್ಲ. ಹನ್ನೊಂದೂವರೆಗೆ ಅದೇ ಹಲಗೆಯ ಮೇಲೆ ತನ್ನ ಕುಣಿಗೆ ಮರಳಿದ. ಹನ್ನೆರಡು ಹೊಡೆದಾಗ ಎದ್ದು, ಬಾಗಿಲಿಗೆ ಬಂದು ಇಪ್ಪತ್ತೊಂದನೆಯ ಗೆರೆ ಎಳೆದ. ಜನ ಚಪ್ಪಾಳೆ ತಟ್ಟಿದರು. ಮಲೀಕಸಾಬ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ಮನಸ್ಸು ಮಾಡಿದರೆ ಮನುಷ್ಯ ಏನು ಬೇಕಾದರೂ ಆಗಬಹುದು ಎಂದು ಹುಚ್ಚೇಶ ಕೋಟು ಹಾಕಿದವನ ಹಾಗೆಯೇ ಭಾಷಣ ಮಾಡಿದ. ನಿಜಕ್ಕೂ ಅವನಿಗೆ ಬಹಳ ಖುಷಿಯಾಗಿತ್ತು. ರಾತ್ರಿ ಊಟ ಮಾಡಿ ಮಲಗುವ ಮುಂಚೆ ಹೆಂಡತಿಗೆ ಪಂಥ ನೆನಪಿಸಿದ. ಮಾತೆಂದರೆ ಮಾತು, ಎಬ್ಬಿಸುವುದಿಲ್ಲ ಎಂದು ಅವಳು ಆಣೆ ಮಾಡಿದಳು.

ಬೆಳಿಗ್ಗೆ ಅವನಿಗೆ ತಾನೇ ಎಚ್ಚರವಾಯಿತು. ಹೊತ್ತು ನೆತ್ತಿಗೆ ಬಂದಿರಬೇಕೆಂದು ಸುಖವಾಗಿ ಮೈಮುರಿದು ಮೊಬೈಲು ನೋಡಿದ. ಸರಿಯಾಗಿ ಐದು ಗಂಟೆ.

ಹುಚ್ಚೇಶ ಗಾಬರಿಯಾದ. ಮಗ್ಗುಲು ಬದಲಿಸಿದ, ಮುಸುಕು ಹಾಕಿದ, ಕಣ್ಣನ್ನು ಬಲವಂತವಾಗಿ ಮುಚ್ಚಿದ. ಬೆನ್ನು ಹಾಸಿಗೆಯನ್ನು ಒಲ್ಲೆನೆಂದಿತು, ಕಾಲು ನಡೆಯಲು ಹೊರಟಿತು. ಪಕ್ಕದಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು. ನೋಡಿದರೆ ಶೇಖವ್ವ. ಪಂಥದ ದಿನಗಳಲ್ಲೂ ಅವನಿಗಿಂತ ಮೊದಲೇ ಎದ್ದಿರುತ್ತಿದ್ದ ಅವಳು ಮಲಗಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಅವನು ಕಣ್ಣಾರೆ ಕಂಡದ್ದು ಇದೇ ಮೊದಲು. ಇಷ್ಟು ನಿದ್ದೆ ಇವಳೊಳಗೆ ಬಾಕಿ ಇತ್ತೇ ಎಂದು ಅವನಿಗೆ ಒಂದು ಕ್ಷಣ ಕರುಳು ಚುರ್ ಎಂದಿತು.

ಅಷ್ಟರಲ್ಲಿ ಓಣಿಯ ನಳದಲ್ಲಿ ನೀರು ಬಂದ ಸದ್ದಾಯಿತು. ಒಂದು ತಾಸಿಗೆ ನಿಂತುಹೋಗುವ ನೀರು, ಮತ್ತೆ ಬರುವುದು ನಾಲ್ಕು ದಿನಕ್ಕೆ. ಅವನು ಅವಳ ಭುಜ ಅಲುಗಿಸಿದ.

"ಏಳ, ನಳ ಬಂದಾವು."

"ನಾ ಐದಕ್ಕ ಏಳತಿದ್ದದ್ದು ನಿಮ್ಮನ್ನ ಎಬ್ಬಸಾಕರಿ," ಎಂದಳು ಶೇಖವ್ವ ಕಣ್ಣು ತೆರೆಯದೆ. "ಈಗ ಯಾರನ್ನ ಎಬ್ಬಸಾಕ ಏಳಲಿ?"

ಚಾದರ ಎಳೆದುಕೊಂಡು ಆ ಕಡೆ ಹೊರಳಿದಳು. ಹುಚ್ಚೇಶ ಎರಡು ಕೊಡ ಎತ್ತಿಕೊಂಡು ಹೊರಗೆ ನಡೆದ.

ನಳದ ಮುಂದೆ ಸಾಲಾಗಿ ನಿಂತವರೆಲ್ಲ ಹೆಂಗಸರು. ಬೋರವ್ವಜ್ಜಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಪಂಥ ಸೋತೇನೋ ತಮ್ಮಾ?" ಎಂದು ಕೇಳಿದಳು.

"ಗೆದ್ದೇನಿ," ಎಂದ ಹುಚ್ಚೇಶ ಎದೆಯುಬ್ಬಿಸಿ, ತುಂಬಿದ ಕೊಡ ಸರಿಸಿ ಎರಡನೆಯದನ್ನು ನಳದ ಕೆಳಗಿಟ್ಟ.