ನನ್ನ ರಕ್ತಕ್ಕೆ ಸುಣ್ಣ ಬಳಿದದ್ದು

ಆರೋಗ್ಯವಾಗಿರುವವರಿಗೆ ಆರೋಗ್ಯದ ಬಗ್ಗೆ ಯೋಚಿಸಬೇಕೆಂದು ಹೊಳೆಯುವುದಿಲ್ಲ. ಕಾಯಿಲೆಯವರಿಗೆ ನರಳುವುದರಲ್ಲೇ ಹೊತ್ತು ಹೋಗುತ್ತದೆ. ಹೀಗಾಗಿ ಇಬ್ಬರ ಪಾಲಿನ ಚಿಂತೆಯನ್ನೂ ಮಾಡುವ ಹೊಣೆ ಎರಡೂ ಅಲ್ಲದ ನನ್ನಂಥವರ ಮೇಲೆ ಬಿದ್ದಿದೆ. ಸೀನು ಬಂದರೆ ನನಗೆ ನ್ಯುಮೋನಿಯಾ ನೆನಪಾಗುತ್ತದೆ. ಎದೆಯಲ್ಲಿ ಗ್ಯಾಸ್ ಸುಳಿದರೆ ಮನೆಯವರಿಗೆ ಯಾರು ಸುದ್ದಿ ಮುಟ್ಟಿಸಬೇಕೆಂದು ಯೋಚಿಸುತ್ತೇನೆ. ಏನೂ ಆಗದೆ ನಾಲ್ಕು ದಿನ ಕಳೆದರಂತೂ ಒಳಗೊಳಗೇ ಏನೋ ದೊಡ್ಡದು ಕುದಿಯುತ್ತಿದೆ ಎಂದೇ ಲೆಕ್ಕ. ನನ್ನ ಹೆಂಡತಿ ನಾರಾಯಣಮ್ಮ ಕ್ಯಾಸಂಬಳ್ಳಿ ಕಡೆಯ ರೈತರ ಮನೆಯವಳು, ಮಾತಿಗೆ ಸುತ್ತುಬಳಸು ಅರಿಯದವಳು. "ನಿಮ್ಗೆ ಯಾವ ಕಾಯ್ಲೇನೂ ಬರಲ್ಲ ಬಿಡ್ರಿ. ಬಂದ್ರೂ ನಿಮ್ ಪುರಾಣ ಕೇಳಿ ಅದುಕ್ಕೇ ತಲೆನೋವು ಇಡ್ಕೊಂಡು ಓಡೋಗ್ತದೆ" ಎನ್ನುತ್ತಾಳೆ.

ಇಂಥ ನನ್ನನ್ನು, ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲದಲ್ಲಿ, ವೈದ್ಯಕೀಯ ಪರೀಕ್ಷೆಗೆ ಕರೆದರು. ಆಗ ನಾನು ಬಂಗಾರಪೇಟೆಯಲ್ಲಿ ಮನೆ ಮಾಡಿಕೊಂಡು, ದಿನಾ ರೈಲಿನಲ್ಲಿ ಊರಿಗಾಂಗೆ ಬಂದು ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ಹೆಡ್ ಕ್ಲಾರ್ಕ್ ಜಾಗ ಖಾಲಿಯಾಗಿತ್ತು. ಹಿರಿತನದಲ್ಲಿ ಮೊದಲು ನಾನು, ನನ್ನ ಹಿಂದೆ ಚಲಪತಿ. ಡಾಕ್ಟರು ಗಟ್ಟಿಮುಟ್ಟಾಗಿದ್ದಾನೆ ಎಂದು ಸಹಿ ಹಾಕಿದರೆ ಕುರ್ಚಿ ನನಗೆ, ಇಲ್ಲವಾದರೆ ಚಲಪತಿಗೆ. ನಿಜ ಹೇಳಬೇಕೆಂದರೆ ಆ ಕುರ್ಚಿ ನನಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ನಾರಾಯಣಮ್ಮನಿಗೆ. ಹೆಡ್ ಕ್ಲಾರ್ಕ್‌ಗೆ ಊರಿಗಾಂನಲ್ಲಿ ಕ್ವಾರ್ಟರ್ಸು ಸಿಗುತ್ತಿತ್ತು. ಕ್ವಾರ್ಟರ್ಸಿನ ಹಿತ್ತಿಲಲ್ಲಿ ನಲ್ಲಿ. ನಲ್ಲಿಯಲ್ಲಿ ಬೇತಮಂಗಲದ ಕೆರೆಯ ನೀರು. ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಇದ್ದದ್ದು ಒಂದು ಬೋರಿಂಗು. ಅದರ ಹಿಡಿಯನ್ನು ಮೇಲೆ ಕೆಳಗೆ ಜಗ್ಗಿದರೆ ಮೊದಲು ಕಿರ್ರೆನ್ನುವುದು, ಆಮೇಲೆ ಕೆಮ್ಮುವುದು, ಮನಸ್ಸಾದರೆ ನೀರು ಕೊಡುವುದು. "ನಲ್ಲಿ ತಿರುವುದ್ರೆ ಸಾಕಂತೆ, ನೀರು ತಾನಾಗೇ ಬತ್ತದಂತೆ" ಎಂದು ಅವಳು ಹೇಳುವಾಗ ಬೇರೆ ಹೆಂಗಸರು ಒಡವೆಯ ಮಾತಾಡುವಾಗಿನ ಕಳೆ ಮುಖದಲ್ಲಿರುತ್ತಿತ್ತು.

ಪರೀಕ್ಷೆಗೆ ಇನ್ನೆರಡು ವಾರವಿರುವಾಗ ಚಲಪತಿ ನನ್ನ ಮೇಜಿನ ಬಳಿ ಬಂದ. ಅವನದು ಮುಳಬಾಗಿಲ ಕಡೆಯ ಮನೆತನ, ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ಕೈಯಲ್ಲಿ ಯಾವಾಗಲೂ ಒಂದು ಬೋಂಡಾ. "ಏಮಿ ಸಾರ್, ಮೆಡಿಕಲ್ ಅಂತೆ? ಸ್ಟೂಲ್ ಮೇಲೆ ಹತ್ತಿಸಿ ಇಳಿಸಿ ಮಾಡ್ತಾರಂತೆ, ಉಸಿರು ನಿಲ್ಲೋವರ್ಗೂ. ನಮ್ ಕೈಲಿ ಆಗ್ದಪ್ಪಾ. ನಿಮ್ಗೇನು, ನೀವು ತೆಳ್ಳಗಿದ್ದೀರಿ" ಎಂದು ನನ್ನ ಹೊಟ್ಟೆಯನ್ನು ನೋಡುತ್ತಾ ಹೇಳಿ ಹೋದ. ನನ್ನ ತೆಳುವು ಕೈಕಾಲುಗಳಿಗೆ ಸೀಮಿತವಾದದ್ದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಅಂದು ರೈಲಿನಲ್ಲಿ ಬಂಗಾರಪೇಟೆಯವರೆಗೂ ಕಣ್ಣ ಮುಂದೆ ಸ್ಟೂಲೇ ಕುಣಿಯಿತು.

ಇಲ್ಲಿ ನಮ್ಮ ಕಚೇರಿಯ ಒಂದು ಪದ್ಧತಿಯನ್ನು ಹೇಳಬೇಕು. ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ ಹಿಂದಿನ ದಿನ ಅಂಗಳದ ಸುತ್ತಲಿನ ಕಲ್ಲುಗಳಿಗೆಲ್ಲ ಸುಣ್ಣ ಬಳಿಯುತ್ತಿದ್ದರು. ವರ್ಷವಿಡೀ ನಾಯಿ ಕಾಲೆತ್ತಿದ ಕಲ್ಲು ಒಂದು ಹಗಲು ಬೆಳ್ಳಗೆ ಹೊಳೆಯುತ್ತಿತ್ತು. ಸಾಹೇಬರು ಪ್ಯಾಂಟಿಗೆ ಸ್ವಲ್ಪ ಸುಣ್ಣ ಮೆತ್ತಿಕೊಂಡು ಸಂತೋಷದಿಂದ ಹೋಗುತ್ತಿದ್ದರು. ಇದನ್ನೇ ನೋಡಿ ನೋಡಿ ತಲೆ ನೆರೆತವನು ನಾನು. ಯಾವ ಪರೀಕ್ಷೆಯೇ ಬರಲಿ, ಹಿಂದಿನ ದಿನ ಬಿರುಸಾಗಿ ಬಳಿದರೆ ಸಾಕು ಎಂಬುದು ನನ್ನ ರಕ್ತದಲ್ಲೇ ಇಳಿದುಬಿಟ್ಟಿತ್ತು. ಆ ರಕ್ತಕ್ಕೂ ಬಳಿಯಲು ಹೊರಟೆ.

ಬಳಿಯಲು ಆರಿಸಿಕೊಂಡದ್ದು ಸಯನೈಡ್ ದಿಬ್ಬ. ಚಿನ್ನ ತೆಗೆದುಕೊಂಡು ಬಿಸಾಕಿದ ಮಣ್ಣು ಗುಡ್ಡವಾಗಿ ನಿಂತಿರುವ ಇಂಥ ದಿಬ್ಬಗಳು ನಮ್ಮ ಕಡೆ ಬೇಕಾದಷ್ಟಿವೆ. ಹೆಸರಿಗೆ ವಿಷ, ನೋಟಕ್ಕೆ ಹುರಿಗಡಲೆ ಹಿಟ್ಟು. ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಅಂದರೆ ಒಂದು ದಿಬ್ಬ ಹತ್ತಿದರೆ ಎರಡು ದಿಬ್ಬ ಹತ್ತಿದ ಪುಣ್ಯ. ಮೊದಲ ಗಾಡಿ ಹಿಡಿದು ಬಂದು, ಕಚೇರಿಯ ಪ್ಯಾಂಟನ್ನು ಮಂಡಿಯವರೆಗೆ ಮಡಚಿ ಓಡತೊಡಗಿದೆ. ಮೊದಲ ದಿನ ಬುಡದಲ್ಲಿ ಮೇಕೆ ಮೇಯಿಸುತ್ತಿದ್ದ ತಮಿಳಿನ ಅಜ್ಜ ನನ್ನ ಬಗ್ಗಿದ ಸೊಂಟ, ನೆಲ ನೋಡುವ ಮುಖ ಕಂಡು ಕರುಣೆಯಿಂದ ಕೇಳಿದ: "ಎನ್ನ ಸಾರ್, ಏನಾನ ಕಳ್ಕೊಂಡ್ರಾ?" ಉತ್ತರಿಸಲು ಉಸಿರಿರಲಿಲ್ಲ.

ಎರಡು ದಿನಕ್ಕೆ ತೊಡೆ ಕಲ್ಲಾಯಿತು. ಮೂರನೆಯ ದಿನ ರಜಾ ಕೊಟ್ಟೆ, ಅದು ವಾರದವರೆಗೆ ಬೆಳೆಯಿತು. ಪರೀಕ್ಷೆಗೆ ಒಂದೇ ದಿನ ಉಳಿಯಿತು. ಬಿಟ್ಟ ದಿನಗಳ ಓಟವನ್ನೆಲ್ಲ ಒಟ್ಟಿಗೆ ಓಡಿಬಿಡುವುದೆಂದು ದಿಬ್ಬ ಹತ್ತಿದೆ, ಜಾರಿದೆ, ಮತ್ತೆ ಹತ್ತಿದೆ. ಕಣ್ಣಿಗೆ ಕತ್ತಲೆ ಬಂದಾಗ ಇದೇ ಆರೋಗ್ಯ ಒಳಗೆ ಹೋಗುತ್ತಿರುವ ಲಕ್ಷಣವೆಂದು ತಿಳಿದು ಇನ್ನೊಮ್ಮೆ ಹತ್ತಿದೆ. ಸಂಜೆ ಬಂಗಾರಪೇಟೆಯಲ್ಲಿ ರೈಲಿನಿಂದ ಇಳಿಯಲು ಮೆಟ್ಟಿಲ ಕಂಬಿಯನ್ನು ತಬ್ಬಿಕೊಳ್ಳಬೇಕಾಯಿತು. ನಾರಾಯಣಮ್ಮ ಬಾಗಿಲಲ್ಲೇ ನಿಂತು ನೋಡಿದಳು. "ಇದೇನ್ರೀ, ಆಡಿನ ಮರಿ ಈಗ ಉಟ್ಟಿ ಕಾಲೂರೋ ಅಂಗೆ ಬತ್ತಿದ್ದೀರಿ?" ಎಂದಳು. "ನಲ್ಲಿಗಾಗಿ" ಎಂದೆ. ಎಣ್ಣೆ ಕಾಯಿಸಿ ತಂದು ಕಾಲಿಗೆ ತಿಕ್ಕಿದಳು.

ಮರುದಿನ ಸ್ಟೂಲು ಇರಲೇ ಇಲ್ಲ. ರಕ್ತ ತೆಗೆದುಕೊಂಡರು, ಮೂತ್ರ ತೆಗೆದುಕೊಂಡರು, ನಾಲಿಗೆ ನೋಡಿದರು, ಕಳಿಸಿದರು. ಹೊರಗೆ ಚಲಪತಿಯೂ ತೋಳು ಮಡಚಿಕೊಂಡು ಕೂತಿದ್ದ. ಹಿರಿತನದಲ್ಲಿ ನನ್ನ ಹಿಂದೆಯೇ ಇದ್ದುದರಿಂದ ಅವನನ್ನೂ ಕರೆದಿದ್ದರು. "ಸ್ಟೂಲ್ ಎಲ್ಲಯ್ಯಾ?" ಎಂದೆ. "ಯಾರೋ ಅಂದ್ರು ಸಾರ್, ನಾನೂ ಅಂದೆ" ಎಂದ.

ಎರಡು ದಿನ ಬಿಟ್ಟು ಡಾಕ್ಟರು ಕರೆಸಿದರು. ಆಗತಾನೇ ಓದು ಮುಗಿಸಿ ಬಂದಿದ್ದ ಹುಡುಗಮುಖದವರು. ಕಾಗದ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದ ನೋಡಿದರು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ವೈಕುಂಠ ಸಮಾರಾಧನೆಯ ಅಡುಗೆಯವರನ್ನು ಗೊತ್ತುಮಾಡಿದ್ದೆ. "ಜ್ವರ ಇದೆಯಾ? ಎಲ್ಲಾದರೂ ಕೀವು, ಗಾಯ? ಬಿಳಿ ರಕ್ತಕಣ ವಿಪರೀತ ಏರಿದೆ. ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ಹಿಂದಿನ ದಿನ ಏನು ಮಾಡಿದ್ರಿ?" ನಾನು ಎದೆಯುಬ್ಬಿಸಿ "ವ್ಯಾಯಾಮ ಸಾರ್" ಎಂದೆ. ಎಲ್ಲವನ್ನೂ ಹೇಳಿದೆ. ಅವರು ಹಣೆ ಹಿಡಿದುಕೊಂಡರು.

"ನೋಡಿ, ಕೆಳಗೆ ಗಣಿಯಲ್ಲಿ ಬಂಡೆ ಸಿಡಿದರೆ ಏನಾಗುತ್ತೆ? ಇಲ್ಲಿ ಮೇಲೆ ಪಾತ್ರೆ ಅದುರುತ್ತೆ, ಸೈರನ್ ಕೂಗುತ್ತೆ, ರಕ್ಷಣಾ ತಂಡ ಓಡುತ್ತೆ. ನೀವು ನಿಮ್ಮ ತೊಡೆಯೊಳಗೆ ಬಂಡೆ ಸಿಡಿಸಿದ್ದೀರಿ. ಸ್ನಾಯು ಎಳೆ ಎಳೆಯಾಗಿ ಹರಿದಿದೆ. ಬಿಳಿ ಕಣಗಳು ರಕ್ಷಣೆಗೆ ಓಡಿ ಬಂದಿವೆ. ಊತ, ಬಿಸಿ, ಕೆಂಪು, ನೋವು ಎಲ್ಲಾ ಅವುಗಳ ಗದ್ದಲವೇ. ಸಾಲದ್ದಕ್ಕೆ ಏದುಸಿರಲ್ಲಿ ಒಳಗೆ ಎಳೆದ ಅಷ್ಟೊಂದು ಆಮ್ಲಜನಕ ಉರಿಯುವಾಗ ಕಿಡಿ ಹಾರುತ್ತೆ. ಕಬ್ಬಿಣಕ್ಕೆ ತುಕ್ಕು ಹಿಡಿಸೋದೂ ಆಮ್ಲಜನಕವೇ ಅಲ್ವಾ? ಆ ಕಿಡಿ ಆರಿಸೋ ಶಕ್ತಿ ದೇಹಕ್ಕಿದೆ, ಆದರೆ ಅದು ದಿನಾ ಸ್ವಲ್ಪ ಸ್ವಲ್ಪ ದುಡಿದವರಿಗೆ ಬೆಳೆಯುತ್ತೆ. ಇಪ್ಪತ್ತು ವರ್ಷ ಕೂತಿದ್ದು ಒಂದೇ ದಿನ ಎದ್ದವರಿಗಲ್ಲ." ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡಿ, ಅಲ್ಲಿಯವರೆಗೆ ಓಡಬೇಡಿ, ಹಗುರವಾಗಿ ಮೈ ಆಡಿಸಿ ಸಾಕು ಎಂದರು. ಹೊರಡುವಾಗ ತಡೆಯಲಾಗದೆ ಚಲಪತಿಯದು ಹೇಗಿದೆ ಎಂದು ಕೇಳಿದೆ. ಬೇರೆಯವರದನ್ನು ಹೇಳುವಂತಿಲ್ಲ ಎಂದರು. ಹೇಳಬೇಕಾಗಿಯೂ ಇರಲಿಲ್ಲ; ಅವನು ಕಚೇರಿಗೆಲ್ಲ ಬೋಂಡಾ ಹಂಚುತ್ತಿದ್ದ. ಜನ್ಮದಲ್ಲಿ ಓಡದವನ ನೆತ್ತರು ಕನ್ನಡಿಯಂತಿತ್ತಂತೆ.

ಮನೆಗೆ ಬಂದು ನಾರಾಯಣಮ್ಮನಿಗೆ ನನ್ನ ದುರಂತವನ್ನು ವಿವರಿಸಿದೆ. ಊತ, ಬಿಸಿ, ಕೆಂಪು, ನೋವು ಎಂದು ಬೆರಳು ಮಡಚುತ್ತಾ ಹೇಳುವಾಗ ಅವಳು ರಾಗಿಮುದ್ದೆ ಕಟ್ಟುತ್ತಿದ್ದಳು. ಬಲಗೈ ಮಣಿಕಟ್ಟು ಕಣ್ಣಿಗೆ ಬಿತ್ತು. ಊದಿತ್ತು. ಕೆಂಪಗಿತ್ತು. ಮುಟ್ಟಿ ನೋಡಿದೆ, ಬಿಸಿಯಾಗಿತ್ತು. "ನೋವಿದೆಯೇನೇ?" ಎಂದೆ.

"ಇಲ್ದೆ? ಬೋರಿಂಗ್ ಇಡಿ ಏನ್ ಊವಾ?"

"ಎಷ್ಟು ದಿನದಿಂದ?"

"ಈ ಮನೇಗ್ ಬಂದಾಗಿಂದ. ನಮ್ಗ್ಯಾರು ಮೆಡಿಕಲ್ ಮಾಡ್ತಾರೆ? ಮುದ್ದೆ ತಣ್ಗಾಯ್ತದೆ, ಉಣ್ರಿ."

ಮೈಯ ಮೂಲೆಮೂಲೆಯನ್ನೂ ತಡಕಿ ಕಾಯಿಲೆ ಹುಡುಕುವ ನಾನು, ಇಷ್ಟು ವರ್ಷ ದಿನಾ ಮುದ್ದೆ ಬಡಿಸಿದ ಕೈಯನ್ನು ನೋಡಿರಲಿಲ್ಲ. ಮುದ್ದೆ ಗಂಟಲಲ್ಲಿ ನಿಂತಿತು. ಅದನ್ನೂ ಗಂಟಲ ಕಾಯಿಲೆ ಇರಬಹುದೆಂದು ಅರೆಕ್ಷಣ ಅನುಮಾನಿಸಿದೆನೆಂದರೆ ನನ್ನ ಜಾತಿ ಎಂಥದ್ದೆಂದು ತಿಳಿಯಬಹುದು.

ಉಂಡು ಕೈ ತೊಳೆಯುವಾಗ ಅವಳು ಕೇಳಿದಳು: "ಡಾಕ್ಟ್ರು ಏನಂದ್ರು? ದಿನಾ ಸ್ವಲ್ಪ ಸ್ವಲ್ಪ ಅಂದ್ರಾ?" ಹೌದೆಂದೆ. ನನ್ನ ತೊಡೆಯ ನೋವು ಇಳಿಯಲು ನಾಲ್ಕು ದಿನ ಬಿಟ್ಟಳು. ಐದನೆಯ ಬೆಳಿಗ್ಗೆ ಒಂದು ಚಿಕ್ಕ ಬಿಂದಿಗೆ ಕೈಗಿಟ್ಟಳು. ಬೋರಿಂಗ್ ಸುತ್ತ ನಿಂತಿದ್ದ ಹೆಂಗಸರು ದಾರಿ ಬಿಟ್ಟರು, ಗೌರವಕ್ಕಲ್ಲ, ನಗಲು ಜಾಗ ಬೇಕಾಗಿತ್ತು. "ಏನಕ್ಕೋ, ನಿಮ್ಮೆಜಮಾನ್ರು ಸಸ್ಪೆಂಡ್ ಆದ್ರಾ?" ಎಂದು ಒಬ್ಬಾಕೆ ಕೂಗಿದಳು. ಕೆಲವು ದಿನಗಳಲ್ಲಿ ಚಿಕ್ಕದು ದೊಡ್ಡದಾಯಿತು. ಎರಡನೆಯ ಸಲ ಕೊಟ್ಟ ರಕ್ತದಲ್ಲಿ ಸೈರನ್ ಇರಲಿಲ್ಲ, ರಕ್ಷಣಾ ತಂಡವೂ ಇರಲಿಲ್ಲ. ಡಾಕ್ಟರು ಸಹಿ ಹಾಕಿದರು.

ಕುರ್ಚಿ ಸಿಕ್ಕಿತು, ಕ್ವಾರ್ಟರ್ಸೂ ಸಿಕ್ಕಿತು. ಹಿತ್ತಿಲಲ್ಲಿ ನಲ್ಲಿಯೂ ಇತ್ತು. ನಾರಾಯಣಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಎರಡು ಬೆರಳಲ್ಲಿ ಮೆತ್ತಗೆ ತಿರುವಿದಳು. ನಲ್ಲಿ ಉಸ್ಸೆಂದು ನಿಟ್ಟುಸಿರು ಬಿಟ್ಟು ಎರಡು ಹನಿ ಉದುರಿಸಿತು. ನಮ್ಮ ಮನೆ ಲೈನಿನ ಕೊನೆಯಲ್ಲಿ, ಏರಿನ ಮೇಲಿತ್ತು. ಬೇಸಿಗೆಯಲ್ಲಿ ಬೇತಮಂಗಲದ ನೀರಿಗೂ ದಿಬ್ಬ ಹತ್ತಲು ಆಗುತ್ತಿರಲಿಲ್ಲ. ಏರಿನ ಬುಡದಲ್ಲಿದ್ದ ಬೀದಿ ನಲ್ಲಿಯಲ್ಲಿ ಮಾತ್ರ ಧಾರಾಳವಾಗಿ ಬರುತ್ತಿತ್ತು. ಅವಳು ಬಿಂದಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಅಂದು ಭುಜದ ಮೇಲೆ ಬಿಂದಿಗೆ ಹೊತ್ತು ಹೆಡ್ ಕ್ಲಾರ್ಕ್ ಏರು ಹತ್ತುತ್ತಿರುವಾಗ ಎದುರಿಗೆ ಬಂದವನು ಚಲಪತಿಯೇ. "ಏಮಿ ಸಾರ್, ನೀರಾ?" ಎಂದ. ಇದೇ ಬಿಂದಿಗೆ ನನ್ನ ಹೆಂಡತಿಯ ಸೊಂಟದ ಮೇಲಿದ್ದಷ್ಟು ವರ್ಷವೂ ಅದು ನೀರೇ ಆಗಿತ್ತು. ನಾನು ಕತ್ತು ನೆಟ್ಟಗೆ ಮಾಡಿ, "ವ್ಯಾಯಾಮ ಕಣಯ್ಯಾ, ಡಾಕ್ಟರು ಹೇಳಿದ್ದಾರೆ" ಎಂದೆ. ಮೇಲೆ ಬಾಗಿಲಲ್ಲಿ ನಿಂತಿದ್ದ ನಾರಾಯಣಮ್ಮನಿಗೆ ಅದು ಕೇಳಿಸಿತು.

"ಆ ವ್ಯಾಯಾಮನ ಚೆಲ್ದಂಗೆ ತಗೊಂಬನ್ನಿ" ಎಂದಳು.