ಬಂಗೇರಕ್ಕೆ ಒಪ್ಪುವ ಹೆಸರು

ಮಗಳಿಗೆ ಇಡುವ ಹೆಸರು ಮನೆತನದ ಹೆಸರಿಗೆ ಒಪ್ಪಬೇಕು ಎಂದು ಪ್ರೇಮನಾಥ ಬಂಗೇರನಿಗೆ ಅನ್ನಿಸಿದ್ದೇ ಎಲ್ಲ ರಗಳೆಗೆ ಮೂಲ. ಹಾಗೆ ಅನ್ನಿಸದೇ ಇದ್ದಿದ್ದರೆ ಡೊಂಬಿವಲಿಯ ಆ ಭಾನುವಾರ ಎಲ್ಲರೂ ಶಿರಾ ತಿಂದು, ತೊಟ್ಟಿಲು ತೂಗಿ, ಮಧ್ಯಾಹ್ನ ಒಂದು ನಿದ್ದೆ ತೆಗೆದು ಮುಗಿಸಿಬಿಡುತ್ತಿದ್ದರು.

ಅನ್ನಿಸಲು ಕಾರಣವೂ ಇತ್ತು. ಪ್ರೇಮನಾಥ ಮತ್ತು ಬಂಗೇರ ಎಂಬ ಎರಡು ಹೆಸರುಗಳು ಒಂದೇ ಖೋಲಿಯ ಇಬ್ಬರು ಬಾಡಿಗೆದಾರರ ಹಾಗೆ, ಇಷ್ಟು ವರ್ಷ ಜೊತೆಗಿದ್ದೂ ಹೊಂದಿಕೊಂಡಿರಲಿಲ್ಲ. ಬೇಲಾಪುರದ ಆಫೀಸಿನಲ್ಲಿ ಅವನು ಬರೀ ‘ಬಂಗೇರಾ’. ಒಮ್ಮೆ ಪ್ರೇಮನಾಥನನ್ನು ಕೇಳಿಕೊಂಡು ಊರಿನಿಂದ ಬಂದವರನ್ನು ಬಾಗಿಲ ಕಾವಲಿನವನು ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಧೈರ್ಯವಾಗಿ ವಾಪಸು ಕಳಿಸಿದ್ದ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಮಗಳಿಗೆ ಈ ಗತಿ ಬರಬಾರದು. ಅವಳಿಗೆ ತಾನು ಬಿಟ್ಟುಹೋಗಬಹುದಾದ ಆಸ್ತಿ ಎಂದರೆ ಬಂಗೇರ ಎಂಬ ಹೆಸರೊಂದೇ. ಅದು ಅವಳ ಮೇಲೆ ಚಂದವಾಗಿ ಕೂರಬೇಕು ಎಂದು ಅವನಿಗೆ ನಿಜವಾಗಿಯೂ ಆಸೆಯಿತ್ತು.

ಹೆಂಡತಿ ಪ್ರಣೀತಾ ಆಸ್ಪತ್ರೆಯಿಂದ ಮಗುವಿನ ಜೊತೆ ಬಂದಂದಿನಿಂದ ಅವನು ಬಚ್ಚಲುಮನೆಯಲ್ಲಿ ಹೆಸರುಗಳ ಪರೀಕ್ಷೆ ನಡೆಸಿದ. ಪ್ಲಾಟ್‌ಫಾರ್ಮಿನ ಧ್ವನಿವರ್ಧಕದ ದನಿಯಲ್ಲಿ ಕೂಗಿ ನೋಡಿದ. ಮುಂದೆ ‘ಡಾಕ್ಟರ್’ ಸೇರಿಸಿ ನೋಡಿದ. ಶಾಲೆಯಲ್ಲಿ ಬೈದರೆ ಹೇಗಿರುತ್ತದೆಂದು ಗದರಿಸಿಯೂ ನೋಡಿದ. ನಡುನಡುವೆ ಮೇಲಿನ ಮಹಡಿಯವರು ಪೈಪಿನ ಕಿಂಡಿಯಿಂದ ‘ಕಾಯ್ ಝಾಲಂ?’, ಏನಾಯಿತು ಎಂದು ಕೇಳುತ್ತಿದ್ದರು. ಕೊನೆಗೆ ಗೆದ್ದ ಹೆಸರು ಸಂಜನಾ. ‘ಸಂಜನಾ ಬಂಗೇರ’ ಎಂದರೆ ಚೆಂಡೆಯ ಮೇಲೆ ಸರಿಸಮನಾದ ಎರಡು ಪೆಟ್ಟು ಬಿದ್ದ ಹಾಗಿತ್ತು. ಅವನು ಟವೆಲು ಸುತ್ತಿಕೊಂಡು ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ಸಾಬೂನು ಎಂದು ಹೆಂಡತಿಗೆ ಹೇಳಿದ.

ನಾಮಕರಣದ ಭಾನುವಾರ ಬೆಳಿಗ್ಗೆಯೇ ಕಲ್ಯಾಣದಿಂದ ಅಕ್ಕ ಸ್ವರ್ಣಲತಾ ಬಂದಳು. ಜೊತೆಗೆ ಅವಳ ಒಬ್ಬಳೇ ಮಗಳು, ತುಂಬಿದ ಬಸುರಿ ನಿಕಿತಾ.

“ಹೆಸರು ನಾನು ತಂದಿದ್ದೇನೆ,” ಎಂದಳು ಸ್ವರ್ಣಲತಾ ಚಪ್ಪಲಿ ಬಿಡುವ ಮೊದಲೇ. “ಅಮ್ಮನ ಹೆಸರು. ವಾರಿಜಾ.”

ಬಲೂನು ಕಟ್ಟುತ್ತಿದ್ದ ಪ್ರೇಮನಾಥನ ಕೈ ನಿಂತಿತು. “ಅಕ್ಕಾ, ವಾರಿಜಾ ಬಂಗೇರ ಅಂದರೆ ಮಲ್ಪೆಯ ಬೋಟಿನ ಮೇಲೆ ಬರೆದ ಹಾಗೆ ಕೇಳುವುದಿಲ್ವಾ?”

“ಅಮ್ಮನನ್ನು ಬೋಟು ಅಂತೀಯಾ?”

“ಅಮ್ಮನಿಗೇ ಆ ಹೆಸರು ಇಷ್ಟ ಇರಲಿಲ್ಲ.”

“ಸತ್ತವಳ ಬಾಯಿಗೆ ಮಾತು ತುರುಕಬೇಡ ಮಾರಾಯ. ಅಮ್ಮನ ಹೆಸರು ಬಂಗೇರರ ಮನೆಯಲ್ಲೇ ಉಳಿಯಬೇಕು. ನಿಕಿತಾಳ ಮಗುವಿಗೆ ಇಡುವ ಅಂದರೆ ಅದು ಬಂಗೇರ ಆಗುವುದಿಲ್ಲ. ಇನ್ನು ಉಳಿದದ್ದು ನಿನ್ನ ಮಗಳೊಬ್ಬಳೇ.”

ಪ್ರೇಮನಾಥನಿಗೆ ಅಮ್ಮನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು. ಆದರೆ ಅದನ್ನು ಮಗಳು ಶಾಲೆಗೆ ಹೊತ್ತುಕೊಂಡು ಹೋಗುವುದು ಅವನಿಗೆ ಬೇಡವಾಗಿತ್ತು. ಅಷ್ಟರಲ್ಲಿ ಎದುರು ಮನೆಯ ಕುಲಕರ್ಣಿ ಕಾಕೂ ಬಟ್ಟಲು ತುಂಬ ತುಪ್ಪ ಹಿಡಿದು ಒಳಗೆ ಬಂದರು. ಬಾಗಿಲಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡೇ ಬಂದಿದ್ದರು.

“ಅರೆ, ಇಸ್ಮೆ ಝಗಡಾ ಕಾಯ್ಕೋ?” ಎಂದರು ಕಾಕೂ. “ಬಾರಸೆ ಮೇ ನಾಮ್ ಆತ್ಯಾ ರಖತಿ ಹೈ. ಆತ್ಯಾಚಾ ಮಾನ್ ಅಸ್ತೋ!”

ಆತ್ಯಾ ಎಂದರೆ ಅಪ್ಪನ ಅಕ್ಕತಂಗಿ. ಬಾರಸೆಯಲ್ಲಿ, ಅಂದರೆ ನಾಮಕರಣದಲ್ಲಿ, ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಮಾನ ಅವಳದೇ; ಹೇಳುತ್ತಿದ್ದ ಹಾಗೆ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದೂ ಉಂಟು. ಗುದ್ದಲು ಸಿದ್ಧವಾಗಿ ಕಾಕೂ ಆಗಲೇ ಬಳೆ ಹಿಂದಕ್ಕೆ ಸರಿಸಿದ್ದರು.

ಮೂರನೇ ಮಹಡಿಯ ಮರಗಮ್ಮ ಬಿಜಾಪುರದ ಕಡೆಯವರು, ಆದ್ದರಿಂದ ಕನ್ನಡದವರು, ಆದ್ದರಿಂದ ತನ್ನ ಪಕ್ಷದವರು ಎಂದು ನಂಬಿ ಪ್ರೇಮನಾಥ ಅವರನ್ನು ಕರೆಸಿದ. ಮರಗಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬಂದು ವಿಷಯ ಕೇಳಿ, “ಖರೇ ಅದರೀ,” ಎಂದರು. “ನಮ್ಮ ಕಡೀನೂ ಸ್ವಾದರತ್ತೀನ ಹೆಸರಿಡೂದು. ನೀವೇನ್ರೀ, ಗಂಡಸರು ತೊಟ್ಟಲದಾಗ ಕೈ ಹಾಕ್ತೀರಿ?”

ಗಡಿ ತಂಟೆಯನ್ನೆಲ್ಲ ಮರೆತು ಎರಡು ರಾಜ್ಯಗಳು ಅವನ ವಿರುದ್ಧ ಒಂದಾದವು. ಪ್ರೇಮನಾಥ ಹೆಂಡತಿಯ ಕಡೆ ನೋಡಿದ.

“ನನಗೆ ಯಾವುದಾದರೂ ಆದೀತು,” ಎಂದಳು ಪ್ರಣೀತಾ. “ಮಗು ಮಲಗಿದೆ, ಮೆಲ್ಲ ಮಾತಾಡಿ.”

ಆಗ ಅವನಿಗೆ ಎಲ್ಲಿಂದಲೋ ಬುದ್ಧಿ ಹೊಳೆಯಿತು. ಹೊಳೆದದ್ದನ್ನು ತಡೆದುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

“ಇದೆಲ್ಲ ನಿಮ್ಮ ನಿಮ್ಮ ಕಡೆಯ ಪದ್ಧತಿ,” ಎಂದ. “ನಾವು ತುಳುವರು. ನಮ್ಮದು ಅಳಿಯಸಂತಾನದ ಕಟ್ಟಳೆ. ನಮ್ಮಲ್ಲಿ ಅಪ್ಪನ ಅಕ್ಕನಿಗೆ ಎಂತದೂ ಹಕ್ಕಿಲ್ಲ. ಮಗುವಿನ ಸೋದರಮಾವ, ತಮ್ಮಲೆ ಅಂತೇವಲ್ಲ, ಹೆಸರಿಡುವುದು ಅವನು. ಹೌದೋ ಅಲ್ವೋ ಹೇಳು ಅಕ್ಕ!”

ಸ್ವರ್ಣಲತಾ ಗೋಡೆಯ ಕಡೆ ಸರಿದು ನಿಂತಳು. ಅವಳ ಮುಖ ಸಣ್ಣದಾಯಿತು. “ಕಟ್ಟಳೆ ಅಂದರೆ ಕಟ್ಟಳೆ. ನಾನು ಮೀರುವವಳಲ್ಲ. ಎಲ್ಲಿದ್ದಾನೆ ತಮ್ಮಲೆ? ಕರಿ.”

ತಮ್ಮಲೆ ಎಂದರೆ ಪ್ರಣೀತಾಳ ಅಣ್ಣ ಮುರಾರಿ ಸಾಲ್ಯಾನ್. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ದಾರಿ ಬಿಡುವಂಥ ಸಾಧು. ಹೇಳಿದ ಹೆಸರನ್ನು ಹೇಳಿದ ಹಾಗೆ ಕಿವಿಯಲ್ಲಿ ಹೇಳಿ, ಕೊಟ್ಟ ಶಿರಾ ತಿಂದು ಹೋಗುವವನು. ಇಷ್ಟು ಸುಲಭದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲವೆಂದು ಪ್ರೇಮನಾಥ ತನ್ನನ್ನೇ ಬೈದುಕೊಂಡ. ಒಂದೇ ತೊಂದರೆಯೆಂದರೆ ಮುರಾರಿ ರಬಾಳೆಯ ಒಂದು ಕಾರ್ಖಾನೆಯ ಕ್ಯಾಂಟೀನು ನೋಡಿಕೊಳ್ಳುತ್ತಿದ್ದ. ಅಲ್ಲಿ ಭಾನುವಾರವೂ ಪಾಳಿಯಿತ್ತು. ಫೋನು ಮಾಡಿದರೆ ಎತ್ತಲಿಲ್ಲ.

ಪ್ರೇಮನಾಥ ತಾನೇ ಹೊರಟ. ಹಳಿ ದುರಸ್ತಿಗೆಂದು ಭಾನುವಾರದ ಮೆಗಾ ಬ್ಲಾಕ್. ಠಾಣೆಯವರೆಗೆ ರೈಲು ನಡೆದುಕೊಂಡೇ ಹೋದಂತೆ ಹೋಯಿತು. ಅಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿದು ರಬಾಳೆ ತಲುಪುವಾಗ ಮುರಾರಿ ಏಪ್ರನ್ ಕಟ್ಟಿಕೊಂಡು ಸಾಂಬಾರಿನ ಉಪ್ಪು ನೋಡುತ್ತಿದ್ದ.

“ನಾನಾ? ಹೆಸರಿಡುವುದಾ?” ಎಂದ ಮುರಾರಿ, ಸೌಟು ಹಿಡಿದುಕೊಂಡೇ. “ನನಗೆ ಅದೆಲ್ಲ ಗೊತ್ತಿಲ್ಲ ಬಾವ. ಸಂಜೆ ಹಾಗೇ ಬಂದು ಮಗುವಿನ ಮುಖ ನೋಡಿ ಹೋಗುವ ಅಂತ ಇದ್ದೆ.”

“ಮುಖ ನೋಡಿ ಹೋಗಲು ನೀವೇನು ನೆಂಟರಾ? ತಮ್ಮಲೆ! ನೀವಿಲ್ಲದೆ ತೊಟ್ಟಿಲು ಅಲ್ಲಾಡಬಾರದು. ಹೆಸರು ಸಂಜನಾ. ಅಷ್ಟು ಹೇಳಿದರೆ ಸಾಕು.”

ಮುರಾರಿಗೆ ಧೈರ್ಯ ತುಂಬುವುದೇ ಪ್ರೇಮನಾಥನ ಕೆಲಸವಾಯಿತು. ಅಕ್ಕನ ಎದುರಿಗೆ ಇವನು ತೊದಲಿದರೆ ವಾರಿಜಾ ಗಟ್ಟಿ. ಹಾಗಾಗಿ ವಾಪಸು ದಾರಿಯುದ್ದಕ್ಕೂ ಅವನು ಕಟ್ಟಳೆಯ ಪಾಠ ಮಾಡಿದ. ತನಗೆ ಗೊತ್ತಿದ್ದದ್ದನ್ನೂ ಹೇಳಿದ, ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಹೇಳಿದ.

“ನೋಡಿ ಬಾವ, ನಮ್ಮ ಅಪ್ಪನ ಮನೆತನ ಸುವರ್ಣ. ಹಾಗಾದರೆ ನಾನು ಬಂಗೇರ ಆದದ್ದು ಹೇಗೆ? ಅಮ್ಮನಿಂದ! ಅಮ್ಮ ಬಂಗೇರರ ಮನೆಯವಳು. ನಮ್ಮಲ್ಲಿ ಅಪ್ಪ ಅಂದರೆ ಎಂತ? ಬಂದುಹೋಗುವವನು. ಮನೆ ತಾಯಿಯದ್ದು, ಮಾತು ತಮ್ಮಲೆಯದ್ದು.”

ಕಳವಾ ಸ್ಟೇಷನ್ನಿನಲ್ಲಿ ಮುರಾರಿ ಬೆನ್ನು ನೆಟ್ಟಗೆ ಮಾಡಿ ಕುಳಿತ. ಮುಂಬ್ರಾದ ಗುಡ್ಡ ಕಾಣಿಸುವಾಗ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ಹೌದಲ್ಲ ಬಾವ,” ಎಂದ ಯೋಚಿಸುತ್ತ. “ನಮ್ಮ ಸಾಲ್ಯಾನ್ ಕೂಡ ಅಮ್ಮನದ್ದೇ.”

“ಮತ್ತೆ!”

ದಿವಾ ದಾಟುವಾಗ ಅವನು ಇನ್ನೊಮ್ಮೆ ಕೇಳಿದ. “ಹಾಗಾದರೆ ಕಟ್ಟಳೆ ಪ್ರಕಾರ ಮಗು ನಮ್ಮ ಮನೆಯದ್ದೇ?”

“ನಿಮ್ಮದೇ, ಇನ್ನು ಯಾರದ್ದು!” ಎಂದು ಪ್ರೇಮನಾಥ ಅವನ ಬೆನ್ನು ತಟ್ಟಿದ. ಇಷ್ಟು ಬೇಗ ಕಲಿಯುವ ಶಿಷ್ಯ ಸಿಕ್ಕಿದ್ದಕ್ಕೆ ಅವನಿಗೆ ಬಹಳ ಸಂತೋಷವಾಗಿತ್ತು.

ಮನೆಯಲ್ಲಿ ಕಟ್ಟಡದ ಅರ್ಧ ಜನ ಸೇರಿದ್ದರು. ತುಳುವರ ಪದ್ಧತಿ ನೋಡಲೆಂದು ಕಾಕೂ ತಮ್ಮ ಮಹಿಳಾ ಮಂಡಳವನ್ನೇ ಕರೆತಂದಿದ್ದರು. ಮುರಾರಿ ಕಾಲು ತೊಳೆದು, ಯಾರೂ ಹೇಳದೆಯೇ ನಡುಮನೆಯ ದೊಡ್ಡ ಕುರ್ಚಿಯಲ್ಲಿ ಕುಳಿತ. ಸ್ವರ್ಣಲತಾ ಗೋಡೆಗೆ ಒರಗಿ ನಿಂತಿದ್ದಳು. ಪ್ರೇಮನಾಥನಿಗೆ ಅವಳನ್ನು ನೋಡಿ ಒಂದು ಕ್ಷಣ ಪಾಪ ಅನ್ನಿಸಿತು. ಆಮೇಲೆ ತೊಟ್ಟಿಲನ್ನು ನೋಡಿದಾಗ ಅದು ಹೋಯಿತು.

ಮುರಾರಿ ಎದ್ದು ಬಗ್ಗಿ ಮಗುವಿನ ಕಿವಿಯಲ್ಲಿ ಹೇಳಿದ. ಮಗು ಒಂದು ಕಣ್ಣು ತೆರೆದು ಸೋದರಮಾವನನ್ನು ನೋಡಿತು. ಅವನು ನೆಟ್ಟಗೆ ನಿಂತು, ಕ್ಯಾಂಟೀನಿನಲ್ಲೂ ಯಾರೂ ಕೇಳಿರದಂಥ ದನಿಯಲ್ಲಿ ಹೇಳಿದ.

“ಸಂಜನಾ ಸಾಲ್ಯಾನ್!”

ಚಪ್ಪಾಳೆ ಬಿತ್ತು. ಯಾರನ್ನು ಗುದ್ದುವುದೆಂದು ತಿಳಿಯದೆ ಕಾಕೂ ಮುರಾರಿಯ ಬೆನ್ನಿಗೇ ಎರಡು ಗುದ್ದಿದರು.

“ಬಂಗೇರ,” ಎಂದ ಪ್ರೇಮನಾಥ ಮೆಲ್ಲಗೆ. “ಬಾವ, ಸಂಜನಾ ಬಂಗೇರ.”

“ಅದು ಹೇಗಾಗುತ್ತದೆ ಬಾವ?” ಮುರಾರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಮಗು ತಾಯಿ ಮನೆಯದ್ದು ಅಂತ ನೀವೇ ಹೇಳಿದ್ದಲ್ವಾ? ಪ್ರಣೀತಾ ಸಾಲ್ಯಾನ್, ಮಗಳೂ ಸಾಲ್ಯಾನ್. ನಡುವಲ್ಲಿ ಬೇಕಾದರೆ ನಿಮ್ಮ ಹೆಸರು ಹಾಕುವ, ಜಾಗ ಉಂಟು.”

“ಅದು ಹಿಂದಿನ ಕಾಲದ್ದು ಬಾವ! ಈಗ ಮುಂಬಯಿಯಲ್ಲಿ ಯಾರು ಹಾಗೆ ಮಾಡುತ್ತಾರೆ?”

“ಬೆಳಿಗ್ಗೆ ಮಾಡ್ತಿದ್ದರಲ್ರೀ,” ಎಂದರು ಮರಗಮ್ಮ. “ಏನರ ಅನ್ರಿ, ಸಂಜನಾ ಸಾಲ್ಯಾನ್, ಭಾಳ ಛಂದ ಕೂಡ್ತದ ನೋಡ್ರಿ. ಎರಡಕ್ಕೂ ಒಂದ ಅಕ್ಷರ. ನಿಮ್ಮ ಬಂಗೇರಕ್ಕ ಹಂಗ ಕೂಡೂದಿಲ್ಲ.”

ಪ್ರೇಮನಾಥ ಹೆಂಡತಿಯ ಕಡೆ ತಿರುಗಿದ. ಬೆಳಿಗ್ಗೆಯಿಂದ ಯಾವುದಾದರೂ ಆದೀತು ಎನ್ನುತ್ತಿದ್ದ ಪ್ರಣೀತಾ ಮಗುವನ್ನು ಎತ್ತಿಕೊಂಡು, ಆ ಹೆಸರನ್ನು ಮೆಲ್ಲಗೆ ಎರಡು ಸಲ ಹೇಳಿ ನೋಡುತ್ತಿದ್ದಳು.

“ಮದುವೆಯಲ್ಲಿ ನನ್ನದನ್ನು ಬಂಗೇರ ಮಾಡುವಾಗ ಒಪ್ಪುತ್ತದಾ ಇಲ್ವಾ ಅಂತ ಯಾರೂ ಕೇಳಿರಲಿಲ್ಲ,” ಎಂದಳು. “ಇದು ಇರಲಿ.”

ಇನ್ನು ಉಳಿದ ಬಂಗೇರ ಅಕ್ಕ ಒಬ್ಬಳೇ. ಬೆಳಿಗ್ಗೆ ನೋಯಿಸಿದ್ದನ್ನು ಮರೆತು ಪ್ರೇಮನಾಥ ಅವಳ ಹತ್ತಿರ ಹೋಗಿ ನಿಂತ. “ಅಕ್ಕಾ, ನೀನಾದರೂ ಹೇಳು. ಹೀಗಾದರೆ ನಮ್ಮ ಹೆಸರೇ ಮುಗಿಯಿತಲ್ಲ. ಬಂಗೇರ ಅನ್ನಲಿಕ್ಕೆ ಇನ್ನು ಯಾರಿದ್ದಾರೆ?”

ಸ್ವರ್ಣಲತಾ ಗೋಡೆ ಬಿಟ್ಟು ಮುಂದೆ ಬಂದಳು. ಬೆಳಿಗ್ಗೆ ಸಣ್ಣದಾಗಿದ್ದ ಮುಖ ಈಗ ಹುಣ್ಣಿಮೆಯ ಹಾಗೆ ಅರಳಿತ್ತು. ರೈಲು ಮುಂಬ್ರಾ ದಾಟುತ್ತಿದ್ದಾಗಲೇ ಅವಳು ಇಲ್ಲಿ ನಿಂತು ಲೆಕ್ಕ ಹಾಕಿ ಮುಗಿಸಿದ್ದಳೆಂದು ತೋರುತ್ತದೆ.

“ಮುಗಿಯುವುದು ಎಂತಕ್ಕೆ?” ಎಂದಳು. “ಕಟ್ಟಳೆ ಪ್ರಕಾರ ನಾನು ಬಂಗೇರ. ನನ್ನ ಮಗಳು ಬಂಗೇರ. ಅವಳ ಹೊಟ್ಟೆಯಲ್ಲಿರುವುದೂ ಬಂಗೇರ. ನನಗೆ ಇದು ಇಷ್ಟು ದಿನ ತಲೆಗೇ ಹೋಗಿರಲಿಲ್ಲ ನೋಡು. ವಾರಿಜಾ ಬಂಗೇರ! ಅಮ್ಮನೇ ವಾಪಸು ಬಂದ ಹಾಗೆ.”

“ಗಂಡಾದರೆ?” ಎಂದ ಪ್ರೇಮನಾಥ. ಅವನ ದನಿಯಲ್ಲಿ ಕೊನೆಯ ಆಸೆಯೊಂದಿತ್ತು.

“ಗಂಡಾದರೆ ವಾರಿಜಾಕ್ಷ ಬಂಗೇರ.”

“ಮಮ್ಮೀ, ಪ್ಲೀಸ್!” ಎಂದಳು ನಿಕಿತಾ. ಯಾರೂ ಕೇಳಿಸಿಕೊಳ್ಳಲಿಲ್ಲ. ಕಾಕೂ ‘ಕಿತಿ ಛಾನ್!’ ಎಂದು ಮೆಚ್ಚಿದರು. ಮಹಿಳಾ ಮಂಡಳದವರು ಆ ಹೆಸರನ್ನು ಬಾಯಿಂದ ಬಾಯಿಗೆ ದಾಟಿಸಿ, ಬಂಗೇರಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆಂದು ತೀರ್ಮಾನಿಸಿದರು.

ಸ್ವರ್ಣಲತಾ ತಮ್ಮನ ಬಾಯಿಗೆ ಒಂದು ಚಮಚ ಶಿರಾ ಇಟ್ಟು, ಅಕ್ಕರೆಯಿಂದ ಅವನ ಕೆನ್ನೆ ಒರೆಸಿದಳು.

“ನಿಕಿತಾಳಿಗೆ ಅಣ್ಣತಮ್ಮಂದಿರು ಇಲ್ಲ ಪ್ರೇಮ. ಕಿವಿಯಲ್ಲಿ ಹೆಸರು ಹೇಳಬೇಕಾದ ತಮ್ಮಲೆ ನೀನೇ. ಈಗಿಂದಲೇ ಸ್ವಲ್ಪ ಅಭ್ಯಾಸ ಮಾಡು ಮಾರಾಯ.”