ಬೇಕಂತಲೇ ತಪ್ಪು ಬರೆಯುವ ಮಾವ

ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಸುಳ್ಳು ಬರೆಯುವವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಚುನಾವಣೆಗೆ ನಿಂತವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ!

ಹೋದ ವರ್ಷ ಅತ್ತೆ ತೀರಿಕೊಂಡಳು. ಇದ್ದಷ್ಟು ದಿನ ಮಾವನ ಒಂದು ಮಾತನ್ನೂ ಒಪ್ಪಿದವಳಲ್ಲ. ಈಗ ಕಾರವಾರದ ಹಬ್ಬುವಾಡದ ಮನೆಯಲ್ಲಿ ಮಾವ ಹೇಳಿದ್ದೇ ಸರಿ. ಗೋಡೆ ವಾದಕ್ಕೆ ಬರುತ್ತದೆಯೇ? ಯಾರಾದರೂ ಎದುರಾಡಲಿ ಎಂದು ಮಾವ ಬ್ಲಾಗು ತೆರೆದ. ಮೊದಲಿಗೆ ಬರೆದದ್ದೆಲ್ಲ ಸತ್ಯ. ಒಂದು ನರಪಿಳ್ಳೆಯೂ ಇಣುಕಲಿಲ್ಲ. ಒಮ್ಮೆ ಕೈತಪ್ಪಿ ಕಾಳಿ ನದಿಯ ಆಚೆ ದಂಡೆಯ ಸದಾಶಿವಗಡ ಕೋಟೆಯನ್ನು ಈಚೆ ದಂಡೆಗೆ ತಂದಿಟ್ಟ. ಬೈಯಲು ಜನವೋ ಜನ!

"ಕಂಡ್ಯಾ ತಂಗಿ? ಸರಿ ಬರದ್ರೆ ಯಾರೂ ಬರೂದಿಲ್ಲ. ತಪ್ಪು ಬರದ್ರೆ ಊರೇ ಬರ್ತದೆ," ಎಂದ. ಸೋದರಸೊಸೆಯಾದರೂ ಅಕ್ಕರೆಗೆ ನಾನು ಅವನಿಗೆ 'ತಂಗಿ'.

ಅಂದಿನಿಂದ ಅದೇ ಕಸುಬು. ಕಾರವಾರದ ಮೀನುಪ್ರಿಯರ ಗುಂಪಿನಲ್ಲಿ 'ಬಾಂಗಡೆ ಸಾರಿಗೆ ಘಮಕ್ಕೆಂದು ತಿರಫಲದ ಕಾಳು ಹಾಕುವುದು ದಂಡ' ಎಂದು ಲಿಂಕು ಒಗೆದ. ಅಂಕೋಲೆಯ ಮಾವಿನಹಣ್ಣಿನ ಗುಂಪಿನಲ್ಲಿ 'ಇಶಾಡು ಬರೀ ನಾರು' ಎಂದ. ಮೀನಿನವರು ಉಗಿದರು, ಮಾವಿನವರು ಹೊರದಬ್ಬಿದರು. ಮತ್ತೆ ಒಳಸೇರಲು ಬೆಳಿಗ್ಗೆಯೆಲ್ಲ ಗುಂಪು ನಡೆಸುವವರ ಗುಲಾಬಿ ಚಿತ್ರಕ್ಕೆ 'ಶುಭೋದಯ, ಅದ್ಭುತ!' ಎಂಬ ಹೊಗಳಿಕೆ. ಒಂದು ಗುಂಪಿಗೆ ಕೊಟ್ಟ 'ಅದ್ಭುತ' ಇನ್ನೊಂದಕ್ಕೆ ಕೊಡದಿದ್ದರೆ ಅದೂ ಜಗಳ!

"ಮಾವಾ, ಇವರು ಓದುಗರಲ್ಲ, ಬೈದು ಬಾಗಿಲು ಹಾಕಿಕೊಂಡು ಹೋಗುವವರು. ನಾಳೆ ಒಬ್ಬರೂ ಇರುವುದಿಲ್ಲ," ಎಂದು ನಾನು ವಾದ ಹೂಡಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು, ಸುಮ್ಮನಿರಲಾದೀತೇ?

"ಇವತ್ತು ಇದ್ರಲ್ಲ, ಸಾಕು."



ಮೊನ್ನೆ ಅತ್ತೆಯ ವರ್ಷದ ತಿಥಿಗೆ ನಾನು ಹೋಗಿದ್ದ ದಿನ ಮಾವ ಬರೆದ: 'ನನ್ನ ಹೆಂಡತಿ ಅಂಕೋಲೆಯವಳು. ಈಜು ಬಾರದು. ಸಮುದ್ರ ಕಂಡರೆ ಹೆದರುತ್ತಿದ್ದಳು.' ಅವಳ ಊರಿನ ಗುಂಪನ್ನೂ ಸೇರಿಸಿ ಎಲ್ಲ ಗುಂಪುಗಳಿಗೂ ಹಂಚಿದ. ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. 'ಓಂ ಶಾಂತಿ.' 'ಓಂ ಶಾಂತಿ.' ಹೊರಗೆ ಮೋಡ ಕವಿದು ಮಧ್ಯಾಹ್ನವೇ ಕತ್ತಲಾಯಿತು. ಮಾವ ಊಟಕ್ಕೆ ಏಳಲಿಲ್ಲ.

"ಒಬ್ರೂ ಅಲ್ಲ ಅನ್ಲಿಲ್ಲ, ತಂಗಿ. ಯಾರಿಗೂ ನೆನಪೇ ಇಲ್ಲ ಕಾಣ್ತದೆ."

ನಾನು ಅಡುಗೆಮನೆಗೆ ಹೋಗಿ ಫೋನು ತೆಗೆದೆ. 'ಶುದ್ಧ ಸುಳ್ಳು,' ಎಂದು ಕಾಮೆಂಟು ಬರೆದೆ. 'ಬೇಲೇಕೇರಿಯ ಕಡಲಲ್ಲಿ ನನ್ನನ್ನು ಬೆನ್ನ ಮೇಲೆ ಹೊತ್ತು ಅಲೆ ದಾಟಿಸಿದವಳು ಅವಳು. ನಮ್ಮ ಚಪ್ಪಲಿ ಕಾಯುತ್ತ ದಡದಲ್ಲಿ ಹೆದರಿ ಕೂತವನು ನೀನು.'

ಜಗಲಿಯಲ್ಲಿ ಫೋನು ಟಿಣ್ಣೆಂದಿತು. ಆಮೇಲೆ ಒಡೆದ ದನಿಯಲ್ಲಿ ಮಾವ ಕೂಗಿದ:

"ಚಪ್ಪಲಿ ಯಾರು ಕಾಯ್ತಿದ್ರೇ? ನಿನ್ನ ಫ್ರಾಕು ಹಿಡ್ಕಂಡ್ ಕೂತಿದ್ದೆ!"